ಹನ್ನೊಂದರವರೆಗೆ

ಮಾಪಕವಿದೆ ನಮ್ಮಲ್ಲಿ. ಆದರೂ ಗೌಸುದ್ದೀನ
ಮೊದಲು ನಂಬುವುದು ತನ್ನ ಅಂಗೈಯನ್ನೇ.
ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಊರಿ ಎಣಿಸುತ್ತಾನೆ:
ಒಂದು, ಎರಡು, ಮೂರು
ಥಟ್ಟನೆ ಕಿತ್ತುಕೊಂಡು ಕಿವಿಯ ಹಾಲೆ ಹಿಡಿಯುತ್ತಾನೆ.
"ಮೂರಕ್ಕೇ ಸುಡ್ತದ ಮೇಡಂ. ರೊಟ್ಟಿ ಬೇಯಿಸಬಹುದು ಇದರ ಮ್ಯಾಲೆ."

ರಾಯಚೂರು, ಮೇ ತಿಂಗಳು, ಮಧ್ಯಾಹ್ನ ಎರಡೂವರೆ.
ಸ್ಟೇಷನ್ ರಸ್ತೆಯ ಮಾಳಿಗೆಯ ಮೇಲೊಂದು ಕೋಣೆ,
ಕೆಳಗೆ ಹತ್ತಿಬೀಜದ ಅಂಗಡಿ,
ಕಿಟಕಿಗೆ ಒದ್ದೆ ಗೋಣಿತಟ್ಟು.
ನೂರು ವ್ಯಾಟ್ ಕುಡಿಯುತ್ತದೆ ಈ ಪೆಟ್ಟಿಗೆ,
ಗಾಳಿಗೆ ಕೊಡುವುದು ಇಪ್ಪತ್ತಾರು.
ಉಳಿದದ್ದು ನಮ್ಮ ಬೆನ್ನಿಗೆ, ಗೋಡೆಗೆ,
ಬಿಸಿಗೇನೂ ಬರವಿಲ್ಲದ ಈ ಊರಿಗೆ.

ಅತ್ತ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು
ಕೃಷ್ಣೆಯ ನೀರು ಹಬೆಯಾಗಿ
ತಂತಿ ಹಿಡಿದು ಬಂದ ಕರೆಂಟು
ಇಲ್ಲಿ ಮತ್ತೆ ಬರೀ ಬಿಸಿಯೇ ಆಗುವುದಾದರೆ
ಅಷ್ಟು ದೂರ ಬಂದದ್ದಾದರೂ ಯಾಕೆ?

ಮೂರು ಬ್ಯಾಂಡಿಗೆ ಒಂದೇ ಆಂಪ್ಲಿಫೈಯರು.
ಒಂಬೈನೂರು, ಊರಾಚೆಯ ಹೊಲ ದಾಟುವ ಉದ್ದ ಹೆಜ್ಜೆಯದು.
ಹದಿನೆಂಟು ನೂರು, ತೀನ್ ಕಂದೀಲಿನ ಗದ್ದಲದ್ದು.
ಇಪ್ಪತ್ತಮೂರು ನೂರು, ಹುಡುಗರ ವಿಡಿಯೊಗಳದು,
ಗೋಡೆ ಕಂಡರೆ ಸೋಲುವಂಥದು.
ಒಂದೇ ಜೋಡು ಚಪ್ಪಲಿ, ಮೂರು ಅಳತೆಯ ಪಾದ.

ಮಾತು ತಾರಕಕ್ಕೇರುವುದು ಯಾವಾಗಲೋ ಒಮ್ಮೆ.
ಆ ಒಂದು ಗಳಿಗೆಗಾಗಿ
ದಿನವಿಡೀ ಪೂರ್ತಿ ವೋಲ್ಟೇಜು ಬಿಗಿದುಕೊಂಡು
ನಿಂತೇ ಇರುತ್ತದೆ ಟ್ರಾನ್ಸಿಸ್ಟರು.
ಅಪ್ಪನಿಗೆ ಇದನ್ನು ಹೇಗೆ ಹೇಳುವುದೋ ಅಂದುಕೊಂಡಿದ್ದೆ.

ಅಪ್ಪ ಮಾರೆಪ್ಪ, ರಾಜೇಂದ್ರ ಗಂಜಿನಲ್ಲಿ
ಮೂವತ್ತೊಂದು ವರ್ಷ ಹಮಾಲಿ ಮಾಡಿದವನು.
ಚೀಲ ಎಳೆವ ಕೊಕ್ಕೆ ಈಗ
ಬಾಗಿಲ ಹಿಂದಿನ ಮೊಳೆಗೆ ತೂಗುತ್ತದೆ.
ನಾನು ಹೇಳಿ ಮುಗಿಸುವ ಮೊದಲೇ ಅಂದ:
"ಚೀಲ ದಣಿಸೂದಿಲ್ಲವ್ವಾ. ಲಾರಿ ಬರತದಂತ
ಸೊಂಟ ಬಿಗಿದು ನಿಂತು ಕಾಯ್ತೀವಲ್ಲ, ಅದು ದಣಿಸ್ತದ.
ಕಾಯೋದಕ್ಕ ಕೂಲಿನೂ ಇಲ್ಲ."
ತುಸು ತಡೆದು, ಎಲೆಗೆ ಸುಣ್ಣ ಸವರುತ್ತಾ:
"ನಾವು ಹಂಗ ಮಾಡ್ತಿದ್ದಿಲ್ಲ. ಹಗುರ ಚೀಲಕ್ಕ ನಾನೊಬ್ಬನೇ.
ಕ್ವಿಂಟಲ್ ಚೀಲ ಬಂದ್ರ ಮಾತ್ರ
ನೆರಳಾಗ ಮಲಗಿದ್ದ ತಾಯಪ್ಪನ್ನ ಎಬ್ಬಿಸ್ತಿದ್ದೆ."

ಪುಸ್ತಕದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ.
ಹೇಳಲಿಲ್ಲ ನಾನು.

ಮರುದಿನ ಎರಡನೆಯ ಟ್ರಾನ್ಸಿಸ್ಟರನ್ನು ಮಲಗಿಸಿದೆವು,
ಭಾರ ಬಂದರೆ ಮಾತ್ರ ಏಳು ಎಂದು.
ನಿದ್ದೆಯಿಂದ ಎದ್ದವರ ದನಿಯಂತೆ
ಅದು ಏಳುವಾಗ ಸಂಕೇತ ಸೊಟ್ಟಗಾಗುತ್ತದೆ.
ಅದಕ್ಕೆ ಮೊದಲೇ, ಅಷ್ಟೇ ಅಳತೆಯಲ್ಲಿ,
ಎದುರು ದಿಕ್ಕಿಗೆ ಸೊಟ್ಟ ಮಾಡಿ ಕಳಿಸಿದೆವು.
ಸೊಟ್ಟಕ್ಕೆ ಸೊಟ್ಟ ಕೂಡಿ ನೆಟ್ಟಗಾಯಿತು.
ಪಕ್ಕದ ಚಾನೆಲ್ಲಿಗೆ ಚೆಲ್ಲುತ್ತಿದ್ದ ಅಂಚು
ಸೊಂಟಕ್ಕೆ ಸಿಕ್ಕಿಸಿದ ಸೆರಗಿನಂತೆ
ಪರದೆಯ ಮೇಲೆ ಒಳಗೆ ಸರಿಯಿತು.

ಆರು ವಾರ.
ಹೈದರಾಬಾದಿನಿಂದ ತರಿಸಿದ ನಾಲ್ಕು ಚಿಪ್ಪು ಸುಟ್ಟವು.
ಒಂದರ ವಾಸನೆ ನನ್ನ ದುಪಟ್ಟಾ ಬಿಟ್ಟು ಹೋಗಿಲ್ಲ.

ಇವತ್ತು ಗೌಸುದ್ದೀನ ಕೈ ಇಟ್ಟ.
ಒಂಬೈನೂರರಲ್ಲಿ ಹನ್ನೊಂದರವರೆಗೆ ಎಣಿಸಿದ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ನಗುತ್ತಾ.
ಹದಿನೆಂಟು ನೂರರಲ್ಲಿ ಒಂಬತ್ತು.
ಇಪ್ಪತ್ತಮೂರು ನೂರರಲ್ಲಿ ಐದಕ್ಕೇ ಕಿವಿ ಹಿಡಿದ.
ಮಾಪಕವೂ ಹೆಚ್ಚುಕಡಿಮೆ ಅದನ್ನೇ ಹೇಳಿತು:
ನಲವತ್ತೆರಡು, ಮೂವತ್ತೆಂಟು, ಇಪ್ಪತ್ತೊಂಬತ್ತು.
ಮೂರನ್ನೂ ಬರೆದುಕೊಂಡೆ. ಕೊನೆಯದನ್ನೂ.

ಸಂಜೆ ಅಪ್ಪನಿಗೆ ಫೋನ್ ಹಚ್ಚಿದೆ,
ಯಾವ ಬ್ಯಾಂಡು ಹೊತ್ತಿತೋ ನನ್ನ ದನಿಯನ್ನು.
"ತಾಯಪ್ಪ ಎದ್ದ ಅಪ್ಪಾ.
ಆದ್ರ ಮೂರನೇ ಲಾರಿಗೆ ಇನ್ನಾ ತಡ ಮಾಡ್ತಾನ."

ಆ ಕಡೆ ಸ್ವಲ್ಪ ಹೊತ್ತು ಮೌನ.
ಆ ಮೌನವನ್ನೂ ಎಲ್ಲೋ ಒಂದು ಪೆಟ್ಟಿಗೆ
ಬಿಸಿಯಾಗುತ್ತಾ ಸಾಗಿಸುತ್ತಿತ್ತು.

"ಅಂವ ಹಂಗೇ," ಅಂದ ಅಪ್ಪ,
"ಎರಡು ಸಲ ಕೂಗಬೇಕು."